ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ಯಾವ ಪುಸ್ತಕ? 21ನೇ ವಿಧಿಯನ್ನು ಒರೆಗಲ್ಲಾಗಿಟ್ಟ ಒಂದು ವಿಮರ್ಶೆ

ಪ್ರತಿವರ್ಷ ಕಾಲೇಜು ಶುರುವಾದ ಮೊದಲ ವಾರದಲ್ಲಿಯೇ ರಾಜ್ಯಶಾಸ್ತ್ರ ಆಯ್ದುಕೊಂಡ ಮಕ್ಕಳು ಒಬ್ಬೊಬ್ಬರಾಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಕೇಳುವ ಪ್ರಶ್ನೆ ಒಂದೇ: ‘ಮೇಡಂ, ಯಾವ ಪುಸ್ತಕ ತಗೊಳ್ಳೋದು?’ ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಬಹಳ ವರ್ಷಗಳಿಂದ ಪಾಠ ಹೇಳುತ್ತಿರುವ ನನಗೆ ಈ ಪ್ರಶ್ನೆಯ ಭಾರ ಗೊತ್ತು. ಕೇಳುವವರಲ್ಲಿ ಹೆಚ್ಚಿನವರು ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಮನೆಯಿಂದ ತಂದ ದುಡ್ಡು ಒಂದು, ಹೆಚ್ಚೆಂದರೆ ಎರಡು ಪುಸ್ತಕಕ್ಕೆ ಸಾಲುವಂಥದ್ದು. ತಪ್ಪು ಪುಸ್ತಕ ಹೇಳಿಬಿಟ್ಟರೆ ಆ ಮಗು ಮೂರು ವರ್ಷ ಅದನ್ನೇ ಹೊತ್ತುಕೊಂಡು ತಿರುಗಬೇಕಾಗುತ್ತದೆ. ಆದ್ದರಿಂದ ನಾನು ವಿದ್ಯಾರ್ಥಿಗಳಿಗೆ ಸೂಚಿಸುವ ಪುಸ್ತಕಗಳನ್ನು ಇಲ್ಲಿ ಒಂದೊಂದಾಗಿ ತೂಗಿ ನೋಡಿ, ಯಾವುದನ್ನು ಕೊಳ್ಳಬೇಕು, ಯಾವುದನ್ನು ಗ್ರಂಥಾಲಯದಲ್ಲಿ ಓದಬೇಕು, ಯಾವುದನ್ನು ಮೊದಲು ತೆರೆಯಬೇಕು ಎಂಬುದನ್ನು ಕಾರಣಸಹಿತ ಬರೆಯುತ್ತಿದ್ದೇನೆ.

ಹೊಸ ಪುಸ್ತಕ ಕೈಗೆ ಬಂದಾಗ ನಾನು ಮುನ್ನುಡಿ ಓದುವುದಿಲ್ಲ. ಸಂವಿಧಾನದ 21ನೇ ವಿಧಿಯ ಬಗ್ಗೆ ಅದು ಏನು ಹೇಳುತ್ತದೆ ಎಂಬ ಪುಟವನ್ನು ಮೊದಲು ಹುಡುಕುತ್ತೇನೆ. ಕಾನೂನು ಗೊತ್ತುಮಾಡಿದ ಕಾರ್ಯವಿಧಾನದ ಪ್ರಕಾರವಲ್ಲದೆ ಯಾರ ಜೀವವನ್ನಾಗಲಿ ವೈಯಕ್ತಿಕ ಸ್ವಾತಂತ್ರ್ಯವನ್ನಾಗಲಿ ಕಸಿಯಕೂಡದು ಎಂಬುದು ಆ ವಿಧಿಯ ತಿರುಳು. ಒಂದೇ ವಾಕ್ಯ. ಆದರೆ ಸರ್ಕಾರ ಮತ್ತು ಪ್ರಜೆಯ ನಡುವಣ ಸಂಬಂಧದ ಎಪ್ಪತ್ತು ವರ್ಷಗಳ ಜಗಳವೆಲ್ಲ ಆ ವಾಕ್ಯದ ಸುತ್ತಲೇ ನಡೆದಿದೆ. ಇಷ್ಟು ಚಿಕ್ಕ ವಾಕ್ಯವನ್ನು ಒಬ್ಬ ಲೇಖಕ ಹೇಗೆ ಬಿಡಿಸಿ ಹೇಳುತ್ತಾನೆ ಎಂಬುದನ್ನು ನೋಡಿದರೆ ಉಳಿದ ಪುಸ್ತಕದ ಹದ ತಿಳಿಯುತ್ತದೆ.

ಮೊದಲನೆಯದಾಗಿ ಹೇಳಬೇಕಾದದ್ದು ಸಂವಿಧಾನವನ್ನೇ. ರಾಜ್ಯಶಾಸ್ತ್ರದಲ್ಲಿ ಪದವಿ ಮುಗಿಸಿ, ಸ್ನಾತಕೋತ್ತರವನ್ನೂ ಮುಗಿಸಿ, ಸಂವಿಧಾನದ ಮೂಲ ಪಠ್ಯವನ್ನು ಒಮ್ಮೆಯೂ ತೆರೆದು ನೋಡದವರನ್ನು ನಾನು ಕಂಡಿದ್ದೇನೆ. ಇದು ನನಗೆ ನಿಜವಾಗಿಯೂ ದುಃಖ ತರುವ ಸಂಗತಿ. ಸರ್ಕಾರವೇ ಪ್ರಕಟಿಸಿರುವ ಕನ್ನಡ ಆವೃತ್ತಿ ಇದೆ, ಅಂತರ್ಜಾಲದಲ್ಲಿಯೂ ಸಿಗುತ್ತದೆ. ಇದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕಾದಂಬರಿಯಂತೆ ಓದಬೇಕಾಗಿಲ್ಲ. ಪೀಠಿಕೆ, ಮೂಲಭೂತ ಹಕ್ಕುಗಳ ಮೂರನೆಯ ಭಾಗ, ರಾಜ್ಯನೀತಿಯ ನಿರ್ದೇಶಕ ತತ್ವಗಳ ನಾಲ್ಕನೆಯ ಭಾಗ, ಪಂಚಾಯಿತಿಗಳಿಗೆ ಸಂಬಂಧಿಸಿದ ಒಂಬತ್ತನೆಯ ಭಾಗ, ಏಳನೆಯ ಅನುಸೂಚಿಯ ಮೂರು ಪಟ್ಟಿಗಳು: ಇಷ್ಟನ್ನು ಮೊದಲ ಆರು ತಿಂಗಳಲ್ಲಿ ಪೆನ್ಸಿಲ್ ಹಿಡಿದು ಓದಿದರೆ ಸಾಕು.

ಕನ್ನಡ ಆವೃತ್ತಿಯ ಕಷ್ಟವನ್ನೂ ಮುಚ್ಚಿಡುವುದು ಸರಿಯಲ್ಲ. ಅದರ ವಾಕ್ಯಗಳು ಉದ್ದ, ಪದಗಳು ಬಿಗಿ. ‘ಪರಂತು’ ಎಂದು ಶುರುವಾಗುವ ಸಾಲು ಮೇಲೆ ಹೇಳಿದ ನಿಯಮಕ್ಕೆ ವಿನಾಯಿತಿ ಕೊಡುತ್ತದೆ ಎಂಬುದನ್ನು, ‘ಇದ್ದಾಗ್ಯೂ’ ಎಂಬ ಮಾತು ಬಂದಲ್ಲಿ ಆ ವಿಧಿ ಬೇರೆ ವಿಧಿಗಳನ್ನು ಮೀರಿ ನಿಲ್ಲುತ್ತದೆ ಎಂಬುದನ್ನು, ‘ಒಳಪಟ್ಟು’ ಎಂದಿದ್ದರೆ ಬೇರೆ ವಿಧಿಗೆ ತಲೆಬಾಗುತ್ತದೆ ಎಂಬುದನ್ನು ಯಾರಾದರೂ ಒಮ್ಮೆ ಹೇಳಿಕೊಟ್ಟರೆ ಅರ್ಧ ಕಷ್ಟ ಕರಗುತ್ತದೆ. ನಾನು ತರಗತಿಯಲ್ಲಿ ಮಾಡಿಸುವ ಮೊದಲ ಅಭ್ಯಾಸ ಇದೇ: ಒಂದು ಪುಟ ತೆಗೆದು ಈ ಮೂರು ಪದಗಳಿಗೆ ಸುತ್ತು ಹಾಕುವುದು.

ಕನ್ನಡದಲ್ಲಿ ಓದುವವರಿಗೆ ಸಿಗುವ ಒಂದು ಲಾಭವೂ ಇದೆ. ಪೀಠಿಕೆಗೆ 1976ರ 42ನೇ ತಿದ್ದುಪಡಿಯಿಂದ ಸೇರಿದ ‘ಸೆಕ್ಯುಲರ್’ ಎಂಬ ಪದಕ್ಕೆ ಕನ್ನಡದಲ್ಲಿ ಎಷ್ಟು ರೂಪಗಳು ಬಳಕೆಯಲ್ಲಿವೆ ಎಂಬುದನ್ನು ನೋಡಿ. ಒಂದು ಪಕ್ಷದ ಹೆಸರಿನಲ್ಲಿ ಅದು ‘ಜಾತ್ಯತೀತ’, ಪತ್ರಿಕೆಯ ಲೇಖನದಲ್ಲಿ ‘ಧರ್ಮನಿರಪೇಕ್ಷ’, ಮಕ್ಕಳು ಪ್ರಾರ್ಥನೆಯ ವೇಳೆ ಓದುವ ಪೀಠಿಕೆಯ ಹಾಳೆಯಲ್ಲಿ ‘ಸರ್ವಧರ್ಮ ಸಮಭಾವ’. ಜಾತಿಯನ್ನು ದಾಟುವುದು, ಧರ್ಮದ ಹಂಗಿಲ್ಲದಿರುವುದು, ಎಲ್ಲ ಧರ್ಮಗಳನ್ನು ಸಮನಾಗಿ ಕಾಣುವುದು: ಮೂರೂ ಬೇರೆ ಬೇರೆ ವಿಚಾರಗಳು. ಇಂಗ್ಲಿಷಿನಲ್ಲಿ ಮಾತ್ರ ಓದುವ ವಿದ್ಯಾರ್ಥಿ ಒಂದೇ ಪದವನ್ನು ಕಂಡು ಮುಂದೆ ಹೋಗಿಬಿಡುತ್ತಾನೆ. ಕನ್ನಡದ ವಿದ್ಯಾರ್ಥಿ ಇಲ್ಲಿ ನಿಲ್ಲಲೇಬೇಕು, ಏಕೆಂದರೆ ಅವನ ಭಾಷೆಯೇ ಅವನ ಮುಂದೆ ತಕರಾರು ಎತ್ತುತ್ತದೆ. ಆದ್ದರಿಂದ ಕನ್ನಡ ಮತ್ತು ಇಂಗ್ಲಿಷ್ ಪಠ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಎರಡನೆಯದು ಕೇಂದ್ರದ ಶಾಲಾ ಪಠ್ಯಪುಸ್ತಕಗಳನ್ನು ಸಿದ್ಧಪಡಿಸುವ ಎನ್‌ಸಿಇಆರ್‌ಟಿಯ 11ನೇ ತರಗತಿಯ ಪುಸ್ತಕ, ‘ಇಂಡಿಯನ್ ಕಾನ್‌ಸ್ಟಿಟ್ಯೂಷನ್ ಅಟ್ ವರ್ಕ್’. ಪದವಿ ವಿದ್ಯಾರ್ಥಿಗೆ 11ನೇ ತರಗತಿಯ ಪುಸ್ತಕವೇ ಎಂದು ಮೂಗು ಮುರಿಯುವವರು ಅದರ ಎರಡನೆಯ ಅಧ್ಯಾಯವನ್ನು ಒಮ್ಮೆ ಓದಬೇಕು. ಹಕ್ಕುಗಳ ಕುರಿತ ಆ ಅಧ್ಯಾಯ ವ್ಯಾಖ್ಯೆಯಿಂದ ಶುರುವಾಗುವುದಿಲ್ಲ. ಅಸ್ಸಾಮಿನ ಮಚಲ್ ಲಾಲುಂಗ್ ಎಂಬವರ ಕಥೆ ಅಲ್ಲಿದೆ. 23ನೇ ವಯಸ್ಸಿನಲ್ಲಿ ಬಂಧನಕ್ಕೊಳಗಾದ ಅವರನ್ನು ಮಾನಸಿಕ ಅಸ್ವಸ್ಥರೆಂದು ತೇಜಪುರದ ಆಸ್ಪತ್ರೆಗೆ ಕಳುಹಿಸಲಾಯಿತು. ಗುಣವಾಗಿದ್ದಾರೆ, ವಿಚಾರಣೆ ಎದುರಿಸಬಲ್ಲರು ಎಂದು ವೈದ್ಯರು ಬರೆದ ಪತ್ರಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವಿಚಾರಣೆಯೇ ನಡೆಯದೆ 54 ವರ್ಷ ಬಂಧನದಲ್ಲಿ ಕಳೆದು 2005ರಲ್ಲಿ ಅವರು ಹೊರಬಂದರು. ಇದನ್ನು ಓದಿದ ಮೇಲೆ 21ನೇ ವಿಧಿ ಪರೀಕ್ಷೆಗೆ ಉರುಹೊಡೆಯುವ ಸಾಲಾಗಿ ಉಳಿಯುವುದಿಲ್ಲ. ತರಗತಿಯಲ್ಲಿ ಈ ಭಾಗವನ್ನು ಗಟ್ಟಿಯಾಗಿ ಓದಿಸಿದಾಗ ಕೊನೆಯ ಬೆಂಚಿನವರೂ ಫೋನ್ ಕೆಳಗಿಡುತ್ತಾರೆ.

ಈ ಪುಸ್ತಕಮಾಲೆ ಸಿದ್ಧವಾದದ್ದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ. ಸುಹಾಸ್ ಪಳಶೀಕರ್ ಮತ್ತು ಯೋಗೇಂದ್ರ ಯಾದವ್ ಮುಖ್ಯ ಸಲಹೆಗಾರರಾಗಿದ್ದರು. ವ್ಯಂಗ್ಯಚಿತ್ರ, ಪತ್ರಿಕೆಯ ತುಣುಕು, ಉನ್ನಿ ಮತ್ತು ಮುನ್ನಿ ಎಂಬ ಎರಡು ಮಕ್ಕಳ ತಲೆಹರಟೆ ಪ್ರಶ್ನೆಗಳು, ಇವೆಲ್ಲ ಪುಟದ ಅಂಚಿನಲ್ಲಿ ಸದಾ ಇರುತ್ತವೆ. ಅಂಬೇಡ್ಕರ್ ಮತ್ತು ನೆಹರೂ ಇದ್ದ ಶಂಕರರ ಹಳೆಯ ವ್ಯಂಗ್ಯಚಿತ್ರವೊಂದರ ಬಗ್ಗೆ 2012ರಲ್ಲಿ ಸಂಸತ್ತಿನಲ್ಲಿ ದೊಡ್ಡ ಗದ್ದಲವಾಗಿ ಅದನ್ನು ತೆಗೆಯಲಾಯಿತು. ಆಮೇಲೆ ಪಠ್ಯ ಕಡಿತದ ಹೆಸರಿನಲ್ಲಿ 12ನೇ ತರಗತಿಯ ‘ಪಾಲಿಟಿಕ್ಸ್ ಇನ್ ಇಂಡಿಯಾ ಸಿನ್ಸ್ ಇಂಡಿಪೆಂಡೆನ್ಸ್’ ಪುಸ್ತಕದಿಂದ ಏಕಪಕ್ಷ ಪ್ರಾಬಲ್ಯದ ಕಾಲ, ಜನಪರ ಚಳವಳಿಗಳ ಉದಯ ಎಂಬ ಎರಡು ಅಧ್ಯಾಯಗಳೇ ಹೋದವು. 2023ರಲ್ಲಿ ಪಳಶೀಕರ್ ಮತ್ತು ಯಾದವ್ ತಮ್ಮ ಹೆಸರುಗಳನ್ನು ಪುಸ್ತಕಗಳಿಂದ ತೆಗೆಯಿರೆಂದು ಬಹಿರಂಗವಾಗಿ ಕೇಳಿಕೊಂಡರು.

ನನ್ನ ಅಭಿಪ್ರಾಯದಲ್ಲಿ ಚಳವಳಿಗಳ ಅಧ್ಯಾಯ ಕೈಬಿಟ್ಟದ್ದು ಕರ್ನಾಟಕದ ವಿದ್ಯಾರ್ಥಿಗೆ ವಿಶೇಷವಾದ ನಷ್ಟ. ಚಿಪ್ಕೊ, ದಲಿತ ಪ್ಯಾಂಥರ್ಸ್, ಆಂಧ್ರದ ಸಾರಾಯಿ ವಿರೋಧಿ ಚಳವಳಿ ಇವುಗಳನ್ನು ಓದಿದವನಿಗೆ ನಮ್ಮ ದಲಿತ ಸಂಘರ್ಷ ಸಮಿತಿ, 1980ರ ನರಗುಂದ–ನವಲಗುಂದದ ರೈತ ಬಂಡಾಯ, ಅದರ ಬೆನ್ನಿಗೇ ಹುಟ್ಟಿದ ರಾಜ್ಯ ರೈತ ಸಂಘ ಎಲ್ಲವೂ ಒಂದೇ ಕಾಲದ ಕೂಗೆಂದು ಅರ್ಥವಾಗುತ್ತಿತ್ತು. ಹೊಸ ಮುದ್ರಣ ಕೊಳ್ಳುವವರು ಕೊಳ್ಳಲಿ. ಆದರೆ 2022ಕ್ಕೆ ಹಿಂದಿನ ಒಂದು ಪ್ರತಿಯನ್ನು ಹಳೆ ಪುಸ್ತಕದಂಗಡಿಯಲ್ಲಾಗಲಿ ಸೀನಿಯರುಗಳ ಬಳಿಯಾಗಲಿ ಹುಡುಕಿ ಇಟ್ಟುಕೊಳ್ಳಲೇಬೇಕು.

ಇನ್ನು ಎಲ್ಲರ ಕೈಯಲ್ಲೂ ಇರುವ ಎಂ. ಲಕ್ಷ್ಮೀಕಾಂತ್ ಅವರ ‘ಇಂಡಿಯನ್ ಪಾಲಿಟಿ’. ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರ ಮೇಜಿನ ಮೇಲೆ ಈ ದಪ್ಪ ಪುಸ್ತಕ ಇಲ್ಲದಿರುವುದಿಲ್ಲ. ಅದರ ಗುಣವನ್ನು ಮೊದಲು ಹೇಳಬೇಕು. ರಾಷ್ಟ್ರಪತಿಯಿಂದ ಹಿಡಿದು ಗ್ರಾಮ ಪಂಚಾಯಿತಿಯವರೆಗೆ, ಚುನಾವಣಾ ಆಯೋಗದಿಂದ ಹಣಕಾಸು ಆಯೋಗದವರೆಗೆ ಒಂದೇ ಕಡೆ ಇಷ್ಟು ಅಚ್ಚುಕಟ್ಟಾಗಿ ಜೋಡಿಸಿಟ್ಟ ಪುಸ್ತಕ ಬೇರೊಂದಿಲ್ಲ. ವಿಷಯವನ್ನೆಲ್ಲ ಅಂಕಿ ಹಾಕಿದ ಸಣ್ಣ ಸಣ್ಣ ಅಂಶಗಳಾಗಿ ಒಡೆದು ಕೊಟ್ಟಿರುವುದರಿಂದ ಇಂಗ್ಲಿಷ್ ಅಷ್ಟಾಗಿ ಒಗ್ಗದವರೂ ತಡವರಿಸದೆ ಓದಬಹುದು. ಪರೀಕ್ಷೆಗೆ ಹಿಂದಿನ ವಾರ ಮನನ ಮಾಡಲು ಇದಕ್ಕಿಂತ ಒಳ್ಳೆಯ ಪುಸ್ತಕವನ್ನು ನಾನು ಕಂಡಿಲ್ಲ.

ಆದರೆ 21ನೇ ವಿಧಿಯ ಒರೆಗಲ್ಲಿಗೆ ತಿಕ್ಕಿ ನೋಡಿದಾಗ ಅದರ ಮಿತಿ ಕಾಣುತ್ತದೆ. ಕೆಲವು ವರ್ಷಗಳ ಹಿಂದೆ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಈ ಪುಸ್ತಕವನ್ನು ಎದೆಗವಚಿಕೊಂಡು ಬಂದು, ಸಂವಿಧಾನದ ಆಕರಗಳ ಪಟ್ಟಿಯಲ್ಲಿ ಜಪಾನಿನ ಮುಂದೆ ‘ಕಾನೂನು ಗೊತ್ತುಮಾಡಿದ ಕಾರ್ಯವಿಧಾನ’ ಎಂದಿರುವ ಸಾಲಿನ ಮೇಲೆ ಬೆರಳಿಟ್ಟು, ‘ಮೇಡಂ, ಜಪಾನಿನಿಂದಲೇ ಯಾಕೆ ತಂದರು?’ ಎಂದು ಕೇಳಿದಳು. ‘ಅಲ್ಲೇ ಮುಂದಿನ ಪುಟದಲ್ಲಿ ಇರಬೇಕು ನೋಡಮ್ಮ’ ಎಂದೆ. ಇರಲಿಲ್ಲ. 1950ರ ಗೋಪಾಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಂಕುಚಿತ ಅರ್ಥ ಕೊಟ್ಟಿತು, 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಅದನ್ನು ವಿಸ್ತರಿಸಿತು, ಆಮೇಲೆ ಇಂತಿಂಥ ಹಕ್ಕುಗಳು ಇದರೊಳಗೆ ಸೇರಿದವು ಎಂಬ ಉದ್ದದ ಪಟ್ಟಿ ಇತ್ತು. ಎಲ್ಲವೂ ಸರಿಯಾದ ಮಾಹಿತಿ. ಅವಳ ‘ಯಾಕೆ’ಗೆ ಮಾತ್ರ ಉತ್ತರವಿರಲಿಲ್ಲ. ಅವಳ ಪ್ರಶ್ನೆಯ ನಂತರವೇ ನಾನು ಮಕ್ಕಳಿಗೆ ಪುಸ್ತಕ ಹೇಳುವ ಕ್ರಮವನ್ನು ಬದಲಿಸಿದೆ. ಈ ಪುಸ್ತಕವನ್ನು ಕೊಳ್ಳಿ, ಆದರೆ ಮೊದಲ ಪುಸ್ತಕವಾಗಿ ಕೊಳ್ಳಬೇಡಿ. ಮೂಲ ಪಠ್ಯವನ್ನು, ಎನ್‌ಸಿಇಆರ್‌ಟಿಯನ್ನು ಓದಿ ಪ್ರಶ್ನೆಗಳು ತಲೆಯಲ್ಲಿ ಹುಟ್ಟಿಕೊಂಡ ಮೇಲೆ ಇದನ್ನು ತೆರೆದರೆ ಇದು ಒಳ್ಳೆಯ ಆಳು. ಮೊದಲೇ ತೆರೆದರೆ ಯಜಮಾನನಾಗಿ ಕೂತುಬಿಡುತ್ತದೆ.

ಡಿ.ಡಿ. ಬಸು ಅವರ ‘ಇಂಟ್ರೊಡಕ್ಷನ್ ಟು ದ ಕಾನ್‌ಸ್ಟಿಟ್ಯೂಷನ್ ಆಫ್ ಇಂಡಿಯಾ’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಬಸು ಅವರ ಈ ಪುಸ್ತಕ 1960ರಲ್ಲಿ ಮೊದಲು ಬಂದದ್ದು, ಇಂದಿಗೂ ಪರಿಷ್ಕೃತವಾಗಿ ಬರುತ್ತಿದೆ. ಕಾನೂನಿನ ಕಡೆಗೆ ಒಲವಿರುವವರಿಗೆ ಹಿಡಿಸುತ್ತದೆ. ತೀರ್ಪುಗಳ ಉಲ್ಲೇಖ ಅಡಿಟಿಪ್ಪಣಿಯಲ್ಲಿ ತುಂಬಿಕೊಂಡಿರುತ್ತದೆ. ರಾಜಕೀಯ ಹೇಗೆ ನಡೆಯುತ್ತದೆ ಎಂದು ತಿಳಿಯಬಯಸುವವರಿಗೆ ಅದು ಒಣ ಅನ್ನದಂತೆ ಅನ್ನಿಸಬಹುದು. ಗ್ರಂಥಾಲಯದಲ್ಲಿ ಬೇಕಾದಾಗ ತೆಗೆದು ನೋಡಿದರೆ ಸಾಕು.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಇರುವುದು ಗ್ರ್ಯಾನ್‌ವಿಲ್ ಆಸ್ಟಿನ್ ಅವರ ‘ದ ಇಂಡಿಯನ್ ಕಾನ್‌ಸ್ಟಿಟ್ಯೂಷನ್: ಕಾರ್ನರ್‌ಸ್ಟೋನ್ ಆಫ್ ಎ ನೇಷನ್’ ಪುಸ್ತಕದಲ್ಲಿ. ಅಮೆರಿಕದ ಆಸ್ಟಿನ್ 1966ರಲ್ಲಿ ಪ್ರಕಟಿಸಿದ ಈ ಕೃತಿಯನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಟ್ಟಿಲ್ಲ. ಸಂವಿಧಾನ ಸಭೆಯಲ್ಲಿದ್ದ ಹಲವರು ಇನ್ನೂ ಬದುಕಿದ್ದ ಕಾಲದಲ್ಲಿ ಅವರನ್ನು ಕಂಡು ಮಾತನಾಡಿಸಿ, ಅವರ ಖಾಸಗಿ ಕಾಗದಪತ್ರಗಳನ್ನು ನೋಡಿ ಬರೆದ ಪುಸ್ತಕ ಇದು. ರಾಷ್ಟ್ರೀಯ ಏಕತೆ, ಪ್ರಜಾಪ್ರಭುತ್ವ, ಸಾಮಾಜಿಕ ಕ್ರಾಂತಿ ಈ ಮೂರೂ ಒಂದೇ ಬಟ್ಟೆಯ ಎಳೆಗಳು, ಒಂದನ್ನು ಎಳೆದರೆ ಇನ್ನೊಂದು ಸಡಿಲವಾಗುತ್ತದೆ ಎಂಬುದು ಅವರ ಮುಖ್ಯ ವಾದ.

21ನೇ ವಿಧಿಯ ಕಥೆಯನ್ನು ಆಸ್ಟಿನ್ ಹೀಗೆ ಬಿಚ್ಚಿಡುತ್ತಾರೆ. ಮೊದಲಿನ ಕರಡಿನಲ್ಲಿ ಇದ್ದದ್ದು ಅಮೆರಿಕದ ‘ಡ್ಯೂ ಪ್ರಾಸೆಸ್’, ಅಂದರೆ ಕಾನೂನು ಇದ್ದರೆ ಸಾಲದು, ಆ ಕಾನೂನು ನ್ಯಾಯವಾಗಿದೆಯೇ ಎಂದು ನ್ಯಾಯಾಲಯ ತೂಗಿ ನೋಡಬಹುದು ಎಂಬ ತತ್ವ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್, ನಮ್ಮ ಮಂಗಳೂರು ಸೀಮೆಯವರೇ, 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಭೇಟಿಯಾದರು. ಆ ತತ್ವ ಪ್ರಜಾಪ್ರಭುತ್ವಕ್ಕೆ ಒಗ್ಗುವುದಿಲ್ಲ, ನ್ಯಾಯಾಧೀಶರ ಮೇಲೆ ಹೊರಲಾರದ ಹೊರೆ ಹೇರುತ್ತದೆ ಎಂದು ಫ್ರಾಂಕ್‌ಫರ್ಟರ್ ಹೇಳಿದರು. ಇತ್ತ ದೇಶದಲ್ಲಿ ಜಮೀನ್ದಾರಿ ರದ್ದತಿಯ ಕಾನೂನುಗಳನ್ನು ನ್ಯಾಯಾಲಯಗಳು ಹೊಡೆದುಹಾಕಿಯಾವೆಂಬ ಅಂಜಿಕೆ ಇತ್ತು. ವಿಭಜನೆಯ ಹಿಂಸೆಯ ನಡುವೆ ವಿಚಾರಣೆಯಿಲ್ಲದೆ ಮೊದಲೇ ಹಿಡಿದಿಡುವ ಮುಂಜಾಗ್ರತಾ ಬಂಧನದ ಅಧಿಕಾರ ಕೈಬಿಡಲು ಸರ್ಕಾರ ಸಿದ್ಧವಿರಲಿಲ್ಲ. ಹೀಗಾಗಿ ಕರಡು ಸಮಿತಿ ‘ಡ್ಯೂ ಪ್ರಾಸೆಸ್’ ಕೈಬಿಟ್ಟು, ಜಪಾನಿನ ಹೊಸ ಸಂವಿಧಾನದಲ್ಲಿದ್ದ ಮಾತನ್ನು ತಂದು ಕೂರಿಸಿತು.

ಗೈಡಿನ ಪಟ್ಟಿಯಲ್ಲಿ ‘ಜಪಾನ್’ ಎಂಬ ಒಂದು ಪದದ ಹಿಂದೆ ಇಷ್ಟೆಲ್ಲ ಇದೆ: ಜಮೀನು, ಗಲಭೆ, ಒಂದು ವಿದೇಶ ಪ್ರಯಾಣ, ಒಬ್ಬ ನ್ಯಾಯಮೂರ್ತಿಯ ಮಾತು, ಭಯ. ರಾಜ್ಯಶಾಸ್ತ್ರ ಎಂದರೆ ಏನು ಎಂದು ವಿದ್ಯಾರ್ಥಿಗೆ ಗೊತ್ತಾಗುವುದು ಇಂಥ ಹತ್ತು ಪುಟ ಓದಿದಾಗ.

ಆಸ್ಟಿನ್ ಅವರಲ್ಲೂ ಕೊರತೆ ಇದೆ. ನೆಹರೂ, ಪಟೇಲ್, ರಾಜೇಂದ್ರ ಪ್ರಸಾದ್, ಆಜಾದ್ ಈ ನಾಲ್ವರ ಕೂಟವೇ ಸಭೆಯನ್ನು ನಡೆಸಿತೆಂಬ ಅವರ ನಿಲುವು ಕೆಲವೊಮ್ಮೆ ಉಳಿದವರನ್ನು ನೆರಳಿಗೆ ತಳ್ಳುತ್ತದೆ. ಸಭೆಯಲ್ಲಿದ್ದ 15 ಮಹಿಳೆಯರು ಅಲ್ಲಿ ಇಲ್ಲಿ ಮಾತ್ರ ಕಾಣಸಿಗುತ್ತಾರೆ. ಸಭೆಯ ಹೊರಗಿನ ಸಾಮಾನ್ಯ ಜನ ಕಾಣುವುದೇ ಇಲ್ಲ. ಆ ಕೊರತೆಯನ್ನು ತುಂಬುವುದು ಓರ್ನಿಟ್ ಶಾನಿ ಅವರು 2018ರಲ್ಲಿ ಪ್ರಕಟಿಸಿದ ‘ಹೌ ಇಂಡಿಯಾ ಬಿಕೇಮ್ ಡೆಮಾಕ್ರಟಿಕ್’. ಸಂವಿಧಾನ ಜಾರಿಗೆ ಬರುವ ಮೊದಲೇ ಅಧಿಕಾರಿಗಳು ಊರೂರು ತಿರುಗಿ ವಯಸ್ಕರೆಲ್ಲರ ಹೆಸರನ್ನು ಮತದಾರರ ಪಟ್ಟಿಗೆ ಹೇಗೆ ಸೇರಿಸಿದರು, ನಿರಾಶ್ರಿತರು ಹೇಗೆ ಅರ್ಜಿ ಬರೆದು ಹಕ್ಕು ಕೇಳಿದರು ಎಂಬುದನ್ನು ಕಡತಗಳಿಂದ ಎತ್ತಿ ತೋರಿಸುವ ಪುಸ್ತಕ ಅದು. ಹದಿನೇಳು ಕೋಟಿಗೂ ಹೆಚ್ಚು ಮತದಾರರಿದ್ದ ಮೊದಲ ಮಹಾಚುನಾವಣೆಯಲ್ಲಿ, ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರಿಂದ ಸುಮಾರು 28 ಲಕ್ಷ ಮಹಿಳೆಯರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ನಮ್ಮ ಊರುಗಳಲ್ಲಿ ಗಂಡನ ಹೆಸರು ಹೇಳಲು ಇಂದಿಗೂ ಸಂಕೋಚಪಡುವ ಅಜ್ಜಿಯರಿದ್ದಾರೆ. ಅವರ ತಾಯಂದಿರಿಗೆ ತಮ್ಮದೇ ಹೆಸರು ಹೇಳಲು ಎಷ್ಟು ಸಂಕೋಚವಿದ್ದಿರಬಹುದು ಎಂದು ನೆನೆದರೆ ಆ ಅಂಕಿಯ ಅರ್ಥ ತಿಳಿಯುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದಕ್ಕೆ ಬರುತ್ತೇನೆ. ಸಂವಿಧಾನ ಸಭೆಯ ಚರ್ಚೆಗಳು ಲೋಕಸಭಾ ಸಚಿವಾಲಯದಿಂದ 12 ಸಂಪುಟಗಳಲ್ಲಿ ಅಚ್ಚಾಗಿವೆ. ಬೆಂಗಳೂರಿನ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ಸಂಸ್ಥೆ ನಡೆಸುವ ಜಾಲತಾಣದಲ್ಲಿ ದಿನಾಂಕವಾರು, ವಿಧಿವಾರು ಹುಡುಕಿ ಉಚಿತವಾಗಿ ಓದಬಹುದು. ಸಂಪುಟಗಳ ಗಾತ್ರ ನೋಡಿ ಹೆದರುವ ಅಗತ್ಯವಿಲ್ಲ. ಎಲ್ಲವನ್ನೂ ಓದಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಾಲ್ಕೈದು ದಿನಗಳ ಕಲಾಪ ಸಾಕು.

ಮೊದಲು 1948ರ ನವೆಂಬರ್ 4. ಕರಡನ್ನು ಮಂಡಿಸುತ್ತ ಅಂಬೇಡ್ಕರ್ ಮಾಡಿದ ಭಾಷಣ, ಸಾಂವಿಧಾನಿಕ ನೈತಿಕತೆ ತಾನಾಗಿ ಹುಟ್ಟುವಂಥದ್ದಲ್ಲ, ಅದನ್ನು ಬೆಳೆಸಿಕೊಳ್ಳಬೇಕು ಎಂಬ ಮಾತು ಇರುವುದು ಅಲ್ಲಿ. ಆಮೇಲೆ ಅದೇ ವರ್ಷದ ಡಿಸೆಂಬರ್ 6 ಮತ್ತು 13. ಈಗಿನ 21ನೇ ವಿಧಿ ಆಗ ಕರಡಿನ 15ನೇ ವಿಧಿಯಾಗಿತ್ತು. ಕೆ.ಎಂ. ಮುನ್ಷಿ ‘ಡ್ಯೂ ಪ್ರಾಸೆಸ್’ ಬೇಕೆಂದು ವಾದಿಸಿದರು, ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಬೇಡವೆಂದರು. 13ರಂದು ಎದ್ದು ನಿಂತ ಅಂಬೇಡ್ಕರ್ ಎರಡೂ ಕಡೆಯ ಅಪಾಯವನ್ನು ಮುಂದಿಟ್ಟರು: ಶಾಸಕಾಂಗವನ್ನು ಪೂರ್ತಿ ನಂಬಿದರೆ ಪಕ್ಷದ ಬಹುಮತ ಹಕ್ಕುಗಳನ್ನು ತುಳಿಯಬಹುದು, ಐದಾರು ನ್ಯಾಯಾಧೀಶರು ಕುಳಿತು ಯಾವ ಕಾನೂನು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ತೀರ್ಮಾನಿಸುವುದೂ ಸುಲಭವಾಗಿ ಒಪ್ಪುವಂಥದ್ದಲ್ಲ. ಇತ್ತ ದರಿ, ಅತ್ತ ಪುಲಿ. ತೀರ್ಮಾನವನ್ನು ಅವರು ಸಭೆಗೇ ಬಿಟ್ಟರು.

ನನ್ನ ವಿದ್ಯಾರ್ಥಿಗಳಿಗೆ ಇದನ್ನು ಓದಿಸಿದಾಗ ಅವರಿಗೆ ಮೊದಲು ಗಲಿಬಿಲಿಯಾಗುತ್ತದೆ. ಅಂಬೇಡ್ಕರ್ ಎಂದರೆ ಖಚಿತ ಉತ್ತರ ಎಂದು ಅವರು ಎಣಿಸಿರುತ್ತಾರೆ; ಇಲ್ಲಿ ಅವರು ಗಟ್ಟಿಯಾಗಿ ಯೋಚಿಸುತ್ತಿರುವುದು ಕಾಣುತ್ತದೆ. ಆ ಗಲಿಬಿಲಿಯೇ ನನಗೆ ಬೇಕಾದದ್ದು. ಆಮೇಲೆ 1949ರ ಸೆಪ್ಟೆಂಬರ್ 15ರ ಕಲಾಪ ಕೊಡುತ್ತೇನೆ. ಕರಡಿನ ಬೇರೆ ಯಾವ ಭಾಗವನ್ನೂ ಹೊರಗಿನ ಜನ ಈ 15ನೇ ವಿಧಿಯಷ್ಟು ಕಟುವಾಗಿ ಟೀಕಿಸಿಲ್ಲವೆಂದು ಅಂಬೇಡ್ಕರ್ ಅಂದು ಒಪ್ಪಿಕೊಂಡು, ಆದ ನಷ್ಟಕ್ಕೆ ಪರಿಹಾರವಾಗಿ ಬಂಧಿತರಿಗೆ ಕೆಲವು ರಕ್ಷಣೆಗಳನ್ನು ಕೊಡುವ ಹೊಸ ವಿಧಿಯನ್ನು ತಂದರು. ಅದೇ ಈಗಿನ 22ನೇ ವಿಧಿ. ಗೈಡಿನಲ್ಲಿ 21 ಮತ್ತು 22 ಒಂದರ ಕೆಳಗೊಂದು ಬರುವ ಎರಡು ಶೀರ್ಷಿಕೆಗಳು. ಕಲಾಪದಲ್ಲಿ ಒಂದು ಗಾಯ, ಇನ್ನೊಂದು ಅದರ ಮೇಲಿನ ಪಟ್ಟಿ.

ಕನ್ನಡಿಗರಿಗಾಗಿ ಇನ್ನೊಂದು ದಿನ ಸೇರಿಸುತ್ತೇನೆ: 1949ರ ನವೆಂಬರ್ 17. ಮೈಸೂರಿನ ಪ್ರತಿನಿಧಿಯಾಗಿದ್ದ ಕೆ. ಹನುಮಂತಯ್ಯ, ನಮಗೆ ವೀಣೆಯ ಅಥವಾ ಸಿತಾರಿನ ಸಂಗೀತ ಬೇಕಾಗಿತ್ತು, ಸಿಕ್ಕಿರುವುದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂಬರ್ಥದ ಮಾತನ್ನು ಅಂದು ಆಡಿದರು. ಮುಂದೆ 1952ರಲ್ಲಿ ಮುಖ್ಯಮಂತ್ರಿಯಾಗಿ ವಿಧಾನಸೌಧ ಕಟ್ಟಿಸಿದವರು ಇವರೇ. ಆ ಮಾತನ್ನು ಒಪ್ಪಬೇಕೋ ಬೇಡವೋ ಎಂಬುದು ಬೇರೆ ಪ್ರಶ್ನೆ, ನಾನು ಒಪ್ಪುವುದಿಲ್ಲ. ಆದರೆ ವಿಧಾನಸೌಧದ ಕೆತ್ತನೆ ಕಂಬಗಳನ್ನು ನೋಡುವಾಗ ಆ ವೀಣೆಯ ಮಾತು ನೆನಪಿಗೆ ಬರುತ್ತದೆ. ಕೊನೆಯದಾಗಿ ನವೆಂಬರ್ 25ರ ಅಂಬೇಡ್ಕರ್ ಭಾಷಣ. ಎಲ್ಲರೂ ಅದರ ಎರಡು ಸಾಲುಗಳನ್ನು ಉದ್ಧರಿಸುತ್ತಾರೆ. ಇಡೀ ಭಾಷಣ ಓದಿದವರು ಕಡಿಮೆ. ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಅಂಬೇಡ್ಕರ್ ಅವರ ಬರಹಗಳು ಮತ್ತು ಭಾಷಣಗಳನ್ನು ಸಂಪುಟಗಳಾಗಿ ಕನ್ನಡಕ್ಕೆ ತಂದಿದೆ. ಅವುಗಳಲ್ಲಿ ‘ಜಾತಿ ವಿನಾಶ’ವನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿ ಬಿಡುವಂತಿಲ್ಲ. 1936ರಲ್ಲಿ ಲಾಹೋರಿನ ಸಮ್ಮೇಳನಕ್ಕೆಂದು ಬರೆದು, ಸಂಘಟಕರು ಒಪ್ಪದ್ದರಿಂದ ಮಾಡಲಾಗದೆ ಉಳಿದು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಭಾಷಣ ಅದು.

ಆಸ್ಟಿನ್ ಅವರ ಎರಡನೆಯ ಪುಸ್ತಕ, 1999ರ ‘ವರ್ಕಿಂಗ್ ಎ ಡೆಮಾಕ್ರಟಿಕ್ ಕಾನ್‌ಸ್ಟಿಟ್ಯೂಷನ್’, ಮೊದಲನೆಯದಕ್ಕಿಂತ ದಪ್ಪ ಮತ್ತು ನಿಧಾನ. ಅಂತಿಮ ವರ್ಷದವರು, ಸ್ನಾತಕೋತ್ತರದವರು ಓದಲಿ. ಅದರಲ್ಲಿ ನಮ್ಮ ನೆಲಕ್ಕೆ ತಾಗಿದ ಎರಡು ಪ್ರಸಂಗಗಳಿವೆ. ಒಂದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಪ್ರಕರಣ. ಕೇರಳದ ಭೂಸುಧಾರಣೆಯನ್ನು ಪ್ರಶ್ನಿಸಿ ಹೋದದ್ದು, 13 ನ್ಯಾಯಮೂರ್ತಿಗಳ ಮುಂದೆ 68 ದಿನ ವಾದ ನಡೆದು, 1973ರ ಏಪ್ರಿಲ್ 24ರಂದು ಏಳು–ಆರರ ಬಹುಮತದಿಂದ ತಿದ್ದುಪಡಿಯಿಂದಲೂ ಸಂಸತ್ತು ಕೆಡಿಸಲಾಗದ ಮೂಲ ರಚನೆಯೊಂದು ಸಂವಿಧಾನಕ್ಕಿದೆ ಎಂಬ ಸಿದ್ಧಾಂತವಾಗಿ ಹೊರಬಂತು. ಇನ್ನೊಂದು ತುರ್ತುಪರಿಸ್ಥಿತಿ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಮೊದಲಾದವರನ್ನು 1975ರ ಜೂನ್ 26ರಂದು ಇಲ್ಲಿಯೇ ಬಂಧಿಸಲಾಯಿತು. ಅವರು ಕರ್ನಾಟಕ ಹೈಕೋರ್ಟಿಗೆ ಹೋದರು. 21ನೇ ವಿಧಿಯನ್ನೇ ಅಮಾನತಿನಲ್ಲಿಟ್ಟಿರುವಾಗ ಬಂಧಿತನು ನ್ಯಾಯಾಲಯದ ಕದ ತಟ್ಟಬಹುದೇ ಎಂಬ ಪ್ರಶ್ನೆಗೆ ಹಲವು ಹೈಕೋರ್ಟುಗಳು ತಟ್ಟಬಹುದು ಎಂದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ನಾಲ್ಕು–ಒಂದರಿಂದ ಆಗದು ಎಂದಿತು. ಆ ಒಬ್ಬರು ನ್ಯಾಯಮೂರ್ತಿ ಎಚ್.ಆರ್. ಖನ್ನಾ. 1948ರ ಡಿಸೆಂಬರಿನಲ್ಲಿ ಸಭೆ ಆಡಿದ ಅಂಜಿಕೆಯ ಮಾತು 27 ವರ್ಷಗಳ ಮೇಲೆ ನಿಜವಾದದ್ದನ್ನು ಕಂಡ ವಿದ್ಯಾರ್ಥಿಗೆ ಈ ವಿಷಯ ಮತ್ತೆ ಎಂದೂ ಬೇಸರ ತರಿಸುವುದಿಲ್ಲ.

ಕರ್ನಾಟಕದ ರಾಜಕೀಯದ ಬಗ್ಗೆ ಪಠ್ಯಕ್ರಮದಲ್ಲಿ ಒಂದು ಪತ್ರಿಕೆ ಇರುತ್ತದೆ, ಅದಕ್ಕೆ ಬಹುತೇಕ ಮಕ್ಕಳು ಜೆರಾಕ್ಸ್ ನೋಟ್ಸನ್ನೇ ನಂಬಿರುತ್ತಾರೆ. ಅವರಿಗೆ ನಾನು ಸೂಚಿಸುವುದು ಎರಡು ಪುಸ್ತಕ. ಜೇಮ್ಸ್ ಮ್ಯಾನರ್ ಅವರ ‘ಪೊಲಿಟಿಕಲ್ ಚೇಂಜ್ ಇನ್ ಆ್ಯನ್ ಇಂಡಿಯನ್ ಸ್ಟೇಟ್’ 1917ರಿಂದ 1955ರವರೆಗಿನ ಮೈಸೂರಿನ ಕಥೆ. ಮಿಲ್ಲರ್ ಸಮಿತಿ, ಪ್ರಜಾಪ್ರತಿನಿಧಿ ಸಭೆ, ಕಾಂಗ್ರೆಸ್ಸಿನ ಬೆಳವಣಿಗೆ ಇವೆಲ್ಲ ಬಿಡಿಬಿಡಿ ಟಿಪ್ಪಣಿಗಳಾಗಿ ಕಲಿತವರಿಗೆ ಅದು ಒಂದೇ ಹರಿವಾಗಿ ತೋರಿಸುತ್ತದೆ. ಪತ್ರಕರ್ತ ಇ. ರಾಘವನ್ ಮತ್ತು ಮ್ಯಾನರ್ ಜೊತೆಯಾಗಿ ಬರೆದ ‘ಬ್ರಾಡನಿಂಗ್ ಅಂಡ್ ಡೀಪನಿಂಗ್ ಡೆಮಾಕ್ರಸಿ’ (2009) ದೇವರಾಜ ಅರಸು ಮತ್ತು ರಾಮಕೃಷ್ಣ ಹೆಗಡೆ ಅವರ ಆಡಳಿತವನ್ನು ಅಕ್ಕಪಕ್ಕದಲ್ಲಿಟ್ಟು ನೋಡುತ್ತದೆ. ಹಿಂದುಳಿದ ವರ್ಗಗಳ ಬಗ್ಗೆ ಹಾವನೂರು ಆಯೋಗ 1975ರಲ್ಲಿ ಕೊಟ್ಟ ವರದಿಯ ಹಿಂದಿನ ರಾಜಕೀಯವನ್ನೂ, ‘ನೀರ್ ಸಾಬ್’ ಎಂದು ಹಳ್ಳಿಗಳಲ್ಲಿ ಹೆಸರಾಗಿದ್ದ ಅಬ್ದುಲ್ ನಜೀರ್ ಸಾಬ್ ಮುಂದೆ ನಿಂತು ತಂದ ಜಿಲ್ಲಾ ಪರಿಷತ್ತು–ಮಂಡಲ ಪಂಚಾಯಿತಿ ವ್ಯವಸ್ಥೆಯನ್ನೂ ಅರಿಯಲು ಆ ಎರಡು ಆಡಳಿತಗಳ ಪರಿಚಯ ಬೇಕು. ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೇ ತಿದ್ದುಪಡಿಗೆ ಮೊದಲೇ, 1987ರ ಚುನಾವಣೆಯಲ್ಲಿ, ಇಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಾಗಿತ್ತು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕಾದ ಸಂಗತಿ.

ರಾಜಕೀಯ ಸಿದ್ಧಾಂತದ ಪತ್ರಿಕೆಗೆ ಒ.ಪಿ. ಗೌಬಾ ಪರೀಕ್ಷೆಗೆ ಸಾಕು. ಆ್ಯಂಡ್ರ್ಯೂ ಹೇವುಡ್ ಬರವಣಿಗೆ ಬಹಳ ತಿಳಿ, ಆದರೆ ಉದಾಹರಣೆಗಳೆಲ್ಲ ಬ್ರಿಟನ್ ಕಡೆಯವು. ರಾಜೀವ್ ಭಾರ್ಗವ ಮತ್ತು ಅಶೋಕ್ ಆಚಾರ್ಯ ಸಂಪಾದಿಸಿದ ಪುಸ್ತಕದಲ್ಲಿ ನಮ್ಮ ನೆಲದ ಉದಾಹರಣೆಗಳಿವೆ, ಇಂಗ್ಲಿಷ್ ತುಸು ಗಟ್ಟಿ. ಮೂರರಲ್ಲಿ ಯಾವುದಾದರೂ ಒಂದು ಇದ್ದರೆ ನಡೆಯುತ್ತದೆ.

ಕೊಳ್ಳುವ ವಿಚಾರ. ಸಂವಿಧಾನ, ಎನ್‌ಸಿಇಆರ್‌ಟಿ ಪುಸ್ತಕ, ಸಂವಿಧಾನ ಸಭೆಯ ಚರ್ಚೆ ಈ ಮೂರಕ್ಕೂ ದುಡ್ಡು ಖರ್ಚು ಮಾಡಬೇಕಾಗಿಲ್ಲ. ಮೂರೂ ಅಂತರ್ಜಾಲದಲ್ಲಿ ಉಚಿತ. ಆದರೂ ಸಂವಿಧಾನದ ಒಂದು ಮುದ್ರಿತ ಪ್ರತಿ ಕೈಯಲ್ಲಿರಲಿ, ಅಂಚಿನಲ್ಲಿ ಬರೆಯುವ ಸುಖ ಫೋನಿನಲ್ಲಿ ಇಲ್ಲ. ಲಕ್ಷ್ಮೀಕಾಂತ್ ಕೊಳ್ಳುವುದಾದರೆ ಹೊಸ ಆವೃತ್ತಿಯೇ ಬೇಕು, ಏಕೆಂದರೆ ತಿದ್ದುಪಡಿ, ತೀರ್ಪುಗಳು ಬದಲಾಗುತ್ತಿರುತ್ತವೆ. ಹಳೆಯದನ್ನು ನಂಬಿ ಪರೀಕ್ಷೆಯಲ್ಲಿ ಎಡವಿದವರನ್ನು ನೋಡಿದ್ದೇನೆ. ಆಸ್ಟಿನ್ ವಿಷಯದಲ್ಲಿ ಅದು ಉಲ್ಟಾ, ಎಷ್ಟು ಹಳೆಯ ಪ್ರತಿಯಾದರೂ ನಡೆಯುತ್ತದೆ. ನನ್ನ ಪ್ರತಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಸಿಕ್ಕಿದ್ದು, ಬೆನ್ನು ಬಿಟ್ಟಿತ್ತು, ಗೋಂದು ಹಚ್ಚಿ ಬಟ್ಟೆ ಅಂಟಿಸಿದ್ದೇನೆ. ಫ್ರಾಂಕ್‌ಫರ್ಟರ್ ಭೇಟಿಯ ಪುಟದ ಅಂಚಿನಲ್ಲಿ ನನಗಿಂತ ಮೊದಲು ಅದನ್ನು ಓದಿದ ಯಾರೋ ನೀಲಿ ಶಾಯಿಯಲ್ಲಿ ‘ಹಾಗಾದರೆ 1976?’ ಎಂದು ಕನ್ನಡದಲ್ಲಿ ಬರೆದಿದ್ದಾರೆ. ಆ ಪುಟವನ್ನು ಪ್ರತಿವರ್ಷ ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತೇನೆ. ಈ ವರ್ಷ ಅದರ ಕೆಳಗೆ ಪೆನ್ಸಿಲಿನಲ್ಲಿ, ಖಾಸಗಿತನವನ್ನೂ 21ನೇ ವಿಧಿಯೊಳಗಿನ ಹಕ್ಕೆಂದು ಒಪ್ಪಿಸಿ 1976ರ ಆ ತೀರ್ಪನ್ನು ರದ್ದುಮಾಡಿಸಿದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯೊಬ್ಬರ ಹೆಸರಿನ ಪ್ರಕರಣದ ಗುರುತು ಸೇರಿದೆ: ‘2017, ಪುಟ್ಟಸ್ವಾಮಿ’. ಬರೆದದ್ದು ಯಾವ ವಿದ್ಯಾರ್ಥಿ ಎಂದು ನಾನು ಕೇಳಲಿಲ್ಲ.